ಕಾಲಿಗೆ ಕಾಲೇ ಸಾಕ್ಷಿ

ಕೆಂಚಿಯ ಮುಂಗಾಲುಗಳ ಹತ್ತಿರ ಅಪ್ಪ ಕುಕ್ಕರುಗಾಲಿನಲ್ಲಿ ಕೂತಿದ್ದ. ಅವನ ಬಲ ಅಂಗೈ ಕುದುರೆಯ ಮೊಣಕಾಲಿನ ಹಿಂಬದಿಯಿಂದ ಹೊರಟು, ಎಲುಬಿನ ಹಿಂದೆ ಬಿಗಿದ ಹಗ್ಗದಂತೆ ಇಳಿದಿದ್ದ ನರದ ಗುಂಟ, ಗೊರಸಿನ ಮೇಲಿನ ಗಂಟಿನವರೆಗೆ ಮೆಲ್ಲಗೆ ಜಾರುತ್ತಿತ್ತು. ಕಣ್ಣು ಮುಚ್ಚಿತ್ತು. ಬಾಗಿಲಲ್ಲಿ ಟ್ರೈನರ್ ಕೈಕಟ್ಟಿ ನಿಂತಿದ್ದರು. ಅವರ ಹಿಂದೆ ಸವಾರ, ಐವತ್ತು ಕಿಲೋ ಮೀರದ ಮೈಯಿಂದಾಗಿ ಎಲ್ಲರ ಬಾಯಲ್ಲೂ ಗುಬ್ಬಚ್ಚಿಯಾಗಿದ್ದವನು, ಟೊಪ್ಪಿಗೆಯನ್ನು ತೊಡೆಗೆ ತಟ್ಟುತ್ತ ಕಾಯುತ್ತಿದ್ದ. ಅಪ್ಪ ಕಾಲು ಮುಟ್ಟುವ ಹೊತ್ತಿನಲ್ಲಿ ಲಾಯದಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಹುಲ್ಲು ಹೊರುವವನು ಸಹ ಹೊರೆಯನ್ನು ಹೆಗಲ ಮೇಲೇ ಇಟ್ಟುಕೊಂಡು ನಿಲ್ಲುತ್ತಿದ್ದ.

ಅವಳು ಹಗ್ಗ ಹಿಡಿದು ಕೆಂಚಿಯ ಮುಖದ ಮುಂದೆ ನಿಂತಿದ್ದಳು. ಕಣ್ಣು ಮುಚ್ಚುವ ಮುಂಚೆ ಅಪ್ಪ, ಕುದುರೆಯ ಕಾಲುಗಳ ಸಂದಿಯಿಂದ, ಮಗಳ ರಬ್ಬರ್ ಬೂಟುಗಳು ಎಲ್ಲಿವೆ ಎಂದು ಒಮ್ಮೆ ನೋಡಿಕೊಂಡಿದ್ದ. ಅದು ಅವರಿಬ್ಬರಿಗೆ ಬಿಟ್ಟು ಇನ್ಯಾರಿಗೂ ಗೊತ್ತಿರಲಿಲ್ಲ.

"ಏನು ಹೇಳುತ್ತೆ ಮೇಸ್ತ್ರಿ, ಕೈ?" ಟ್ರೈನರ್ ಕೇಳಿದರು.

ಅಪ್ಪ ಎಡಗಾಲನ್ನೂ ಹಾಗೆಯೇ ಸವರಿ, ಸೊಂಟಕ್ಕೆ ಕೈಕೊಟ್ಟು ಎದ್ದ. "ಮಣ್ಣಿನ ಮಡಕೆ ಥರ ತಣ್ಣಗಿದೆ ಸರ್."

"ಹಾಗಾದ್ರೆ ಇವತ್ತು ಪೂರ್ತಿ ವೇಗಕ್ಕೆ ಬಿಡೋಣವಾ?"

"ಬಿಡಿ."

ಗುಬ್ಬಚ್ಚಿ ಟೊಪ್ಪಿಗೆ ಹಾಕಿಕೊಂಡ. "ಮೇಸ್ತ್ರಿ ಕೈ ಅಂದ್ರೆ ಕೈ. ನಮ್ಮ ಮನೇಲಿ ಮಕ್ಕಳಿಗೆ ಜ್ವರ ಬಂದ್ರೂ ಇವರನ್ನೇ ಕರೆಸಬೇಕು, ಡಾಕ್ಟರ ಮುಖ ನೋಡೋದು ತಪ್ಪುತ್ತೆ." ಹಗ್ಗ ತೆಗೆದುಕೊಳ್ಳುತ್ತ ಅವಳ ಕಡೆ ತಿರುಗಿದ. "ಏನಮ್ಮಾ ಮಾತಿನಮಲ್ಲಿ, ಇವತ್ತಾದ್ರೂ ಒಂದು ಮಾತು ಉದುರುತ್ತೋ, ಇಲ್ಲ ಅದನ್ನೂ ನಾಳೆಗೆ ಎತ್ತಿಟ್ಟಿದೀಯೋ?"

ಅವಳು ನೆಲ ನೋಡಿ ನಕ್ಕಳು. ನಗುವುದು ಸುಲಭ, ಅದಕ್ಕೆ ಗಂಟಲು ಬೇಡ.

ಶಾಲೆಯಲ್ಲೂ ಹೀಗೇ ಆಗಿತ್ತು. ಎದ್ದು ನಿಂತು ಉತ್ತರ ಹೇಳೆಂದರೆ, ಗೊತ್ತಿದ್ದ ಉತ್ತರವೂ ನಾಲಿಗೆಯ ಬುಡದಲ್ಲಿ ಕಚ್ಚಿಕೊಂಡು ಕೂರುತ್ತಿತ್ತು. ಅಮ್ಮ ತೀರಿಕೊಂಡ ವರ್ಷ ಒಂದು ದಿನ ಹೋಗಲಿಲ್ಲ, ಮಾರನೆಯ ದಿನವೂ ಹೋಗಲಿಲ್ಲ. ಅಪ್ಪ ಬೈಯಲಿಲ್ಲ. "ಬಾ ಪುಟ್ಟಿ, ಕುದುರೆಗಳು ಪ್ರಶ್ನೆ ಕೇಳಲ್ಲ," ಅಂದ. ಮೇವಿನ ಕೋಣೆಯ ಹಿಂದೆ ಅವರಿಗೆ ಕೊಟ್ಟಿದ್ದ ಒಂದೂವರೆ ಕೋಣೆಯ ಮನೆಯಿಂದ ಲಾಯಕ್ಕೆ ನಲವತ್ತು ಹೆಜ್ಜೆ. ಹದಿನಾಲ್ಕನೆಯ ವಯಸ್ಸಿನಿಂದ ಅವಳ ಲೋಕ ಆ ನಲವತ್ತು ಹೆಜ್ಜೆಯೊಳಗೆ ಇತ್ತು, ಅದು ಅವಳಿಗೆ ಚಿಕ್ಕದು ಅನ್ನಿಸಿರಲಿಲ್ಲ.

ಅಪ್ಪನ ಕೈ ಕೈಕೊಟ್ಟದ್ದು ಎರಡು ವರ್ಷದ ಹಿಂದೆ. ಮೊದಲು ತಿಳಿದದ್ದು ಅವಳಿಗೆ. ಆಗ ತಾನೆ ಒಲೆಯಿಂದ ಇಳಿಸಿದ ಚಹಾದ ಲೋಟವನ್ನು ಅಪ್ಪ ಅಂಗೈಯಲ್ಲಿ ಹಿಡಿದುಕೊಂಡು, ಯಾವುದೋ ಕುದುರೆಯ ಕಥೆ ಹೇಳುತ್ತ ಕೂತೇ ಇದ್ದ. ಲೋಟ ಕೆಳಗಿಟ್ಟಾಗ ಬೆರಳುಗಳು ಕೆಂಪಾಗಿದ್ದವು. ಸಂಜೆಗೆ ಬೊಬ್ಬೆ ಎದ್ದಿತು. ಆಸ್ಪತ್ರೆಯವರು ಸಕ್ಕರೆ ಕಾಯಿಲೆ ಅಂದರು. ಕೈಕಾಲಿನ ಸ್ಪರ್ಶ ಹೋಗಿದೆ, ತಿರುಗಿ ಬರುವುದು ಕಷ್ಟ, ಪಾದ ದಿನಾ ನೋಡಿಕೊಳ್ಳಬೇಕು ಅಂದರು. ಬಸ್ಸಿನಲ್ಲಿ ಬರುವಾಗ ಅಪ್ಪ ಕಿಟಕಿಯ ಆಚೆ ನೋಡುತ್ತಲೇ ಹೇಳಿದ, "ಲಾಯದಲ್ಲಿ ಗೊತ್ತಾಗಬಾರದು."

ಗೊತ್ತಾದರೆ ಏನಾಗುತ್ತದೆ ಎಂದು ಅವಳು ಕೇಳಲಿಲ್ಲ. ಕಾಲಿನ ಮೇಸ್ತ್ರಿಯ ಹತ್ತಿರ ಕೈ ಬಿಟ್ಟು ಇನ್ನೇನಿರುತ್ತದೆ? ಟ್ರೈನರುಗಳು ಬದಲಾದರು, ಯಜಮಾನರು ಬದಲಾದರು, ಅಪ್ಪ ಮೂವತ್ತೆರಡು ವರ್ಷ ಉಳಿದ. ನಾಳೆ ಕುಂಟಬಹುದಾದ ಕುದುರೆಯನ್ನು ಇವತ್ತೇ ಹೇಳುತ್ತಾನೆ, ಅದು ಅವನ ಕೈಗುಣ ಎಂದು ಬೇರೆ ಲಾಯದವರೂ ಬಂದು ನೋಡಿ ಹೋಗುತ್ತಿದ್ದರು. ಆ ಒಂದೂವರೆ ಕೋಣೆಯ ಮನೆ ನಿಂತದ್ದು ಅದೇ ಕೈಯ ಮೇಲೆ.

ಹಾಗಾಗಿ ಅವರಿಬ್ಬರೂ ಒಂದು ಉಪಾಯ ಮಾಡಿಕೊಂಡರು. ಎಲ್ಲರಿಗಿಂತ ಮುಂಚೆ, ಕುದುರೆಗಳಿಗೆ ನೀರಿಡುವ ನೆಪದಲ್ಲಿ, ಅವಳು ಒಂದೊಂದೇ ಕೋಣೆಗೆ ಹೋಗಿ ಕಾಲು ಮುಟ್ಟಿ ನೋಡುವುದು. ಆಮೇಲೆ ಟ್ರೈನರ್ ಎದುರು ಅಪ್ಪ ಮುಟ್ಟುವಾಗ ಅವಳು ಹಗ್ಗ ಹಿಡಿದು ನಿಲ್ಲುವುದು. ಎಡಗಾಲು ಬಿಸಿ ಇದ್ದರೆ ಎಡಕ್ಕೆ ನಿಲ್ಲಬೇಕು. ಬಲಗಾಲು ಬಿಸಿ ಇದ್ದರೆ ಬಲಕ್ಕೆ. ಎಲ್ಲ ಸರಿ ಇದ್ದರೆ ಮುಂದೆ, ಮುಖದ ಹತ್ತಿರ.

ಮುಟ್ಟುವುದನ್ನು ಕಲಿಸಿದ್ದೂ ಅಪ್ಪನೇ. "ಬಿಸಿ ಅಂದ್ರೆ ಎಷ್ಟು ಬಿಸಿ ಅಂತ ಕೇಳ್ಬೇಡ. ಅದಕ್ಕೆ ಲೆಕ್ಕ ಇಲ್ಲ. ಎಡಗಾಲು ಮುಟ್ಟು, ತಕ್ಷಣ ಬಲಗಾಲು ಮುಟ್ಟು. ಒಂದು ಸುಳ್ಳು ಹೇಳಿದ್ರೆ ಇನ್ನೊಂದು ಹಿಡ್ಕೊಡುತ್ತೆ. ಕಾಲಿಗೆ ಕಾಲೇ ಸಾಕ್ಷಿ." ಅವಳು ಎರಡು ವರ್ಷ ಹಾಗೆಯೇ ಮುಟ್ಟಿದಳು. ಎರಡು ವರ್ಷದಲ್ಲಿ ಒಂಬತ್ತು ಕುದುರೆಗಳನ್ನು ಹಿಡಿದುಕೊಟ್ಟಳು. ಒಂಬತ್ತು ಸಲವೂ ಎಲ್ಲರೂ ಅಪ್ಪನ ಕೈಯನ್ನು ಹೊಗಳಿದರು. ಅವಳಿಗೆ ಹೊಟ್ಟೆಕಿಚ್ಚಾಗಲಿಲ್ಲ, ಹಿತವೇ ಆಯಿತು.

ಕೆಂಚಿ ಲಾಯಕ್ಕೆ ಬಂದದ್ದು ಐದು ತಿಂಗಳ ಹಿಂದೆ. ಕೆಂಗಂದು ಮೈ, ಉದ್ದ ಕಾಲು, ಇನ್ನೂ ಒಂದು ಪಂದ್ಯವನ್ನೂ ನೋಡಿರದ ಹೆಣ್ಣು. ಬಂದ ದಿನವೇ ಅಪ್ಪ ಟ್ರೈನರ್ ಹತ್ತಿರ ಒಂದು ವರ್ಷ ಕೇಳಿದ್ದ.

"ವರ್ಷವಾ?" ಟ್ರೈನರ್ ನಕ್ಕಿದ್ದರು. "ಕುದುರೆ ಸಾಕ್ತಾ ಇದೀವೋ, ಮರ ಬೆಳೆಸ್ತಾ ಇದೀವೋ?"

"ಉಸಿರು ತಿಂಗಳಲ್ಲಿ ಬರುತ್ತೆ ಸರ್. ಮಾಂಸ ಮೂರು ತಿಂಗಳಲ್ಲಿ ಬರುತ್ತೆ. ನೋಡಿದವರು ಕುದುರೆ ತಯಾರಾಯ್ತು ಅಂತಾರೆ. ನರ ಇನ್ನೂ ಮನೇಲೇ ಮಲಗಿರುತ್ತೆ. ಅದು ಎಲ್ಲಕ್ಕಿಂತ ಸೋಮಾರಿ. ಬೈದ್ರೂ ಬರಲ್ಲ, ಹೊಡೆದ್ರೂ ಬರಲ್ಲ. ಅದು ಬರೋತನಕ ಇವು ಕಾಯ್ಬೇಕು."

ಕಡೆಗೆ ಎಂಟು ತಿಂಗಳಿಗೆ ಒಪ್ಪಂದವಾಯಿತು. ಮೊದಲ ಆರು ವಾರ ಬರೀ ನಡಿಗೆ, ಅದೂ ಗಟ್ಟಿ ದಾರಿಯ ಮೇಲೆ. ಮೊದಲ ವಾರ ಇಪ್ಪತ್ತು ನಿಮಿಷ, ಆರನೆಯ ವಾರಕ್ಕೆ ಒಂದೂವರೆ ಗಂಟೆ. ಗಟ್ಟಿ ನೆಲದ ಮೇಲೆ ನಿಧಾನವಾಗಿ ಇಟ್ಟ ಪ್ರತಿ ಹೆಜ್ಜೆಯೂ ನರಕ್ಕೆ ಒಂದೊಂದು ಎಳೆ ಸೇರಿಸುತ್ತದೆ ಎನ್ನುತ್ತಿದ್ದ ಅಪ್ಪ. ನಡೆಸಿದ್ದು ಅವಳೇ. ಓಟದ ಮೈದಾನದ ಬೇಲಿಯಾಚೆಯ ರಸ್ತೆಯಲ್ಲಿ, ಬೀಗ ಹಾಕಿದ ಗೋದಾಮುಗಳ ಎದುರು, ಅವಳು ಮತ್ತು ಕೆಂಚಿ ಅಕ್ಕಪಕ್ಕ ಹೋಗಿ ಬರುತ್ತಿದ್ದರು. ಕೆಂಚಿಯ ಹತ್ತಿರ ಅವಳು ಮಾತಾಡುತ್ತಿದ್ದಳು. ತುಂಬಾ ಮಾತಾಡುತ್ತಿದ್ದಳು. ಯಾರಾದರೂ ಎದುರಾದರೆ ನಿಲ್ಲಿಸುತ್ತಿದ್ದಳು. ಅವರು ದಾಟಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದಳು. ಆಮೇಲೆ ಏರಿನಲ್ಲಿ ಸಣ್ಣ ಓಟ, ಆಮೇಲೆ ಮರಳಿನಲ್ಲಿ. ಬಂದ ಮೇಲೆ ಕಾಲಿಗೆ ತಣ್ಣೀರು, ಎರಡೂ ಕಾಲಿಗೆ ಒಂದೇ ಬಿಗಿಯಲ್ಲಿ ಪಟ್ಟಿ. ಅಪ್ಪ ಪಟ್ಟಿ ಸುತ್ತುವುದನ್ನು ಬಿಟ್ಟಿದ್ದ. ಬಿಗಿ ಎಷ್ಟಾಯಿತೆಂದು ಅವನ ಬೆರಳಿಗೆ ಗೊತ್ತಾಗುತ್ತಿರಲಿಲ್ಲ.

ಐದನೆಯ ತಿಂಗಳು ಯಜಮಾನರು ಬಂದರು. ಕೆಂಚಿಯ ಹೊಳಪು ನೋಡಿದರು, ಎದೆ ನೋಡಿದರು, ಮೂರು ವಾರದಲ್ಲಿರುವ ಪಂದ್ಯಕ್ಕೆ ಹೆಸರು ಕೊಡಿ ಅಂದರು. ಟ್ರೈನರ್ ಅಪ್ಪನನ್ನು ಪಕ್ಕಕ್ಕೆ ಕರೆದರು.

"ನಾನೇನು ಮಾಡ್ಲಿ ಹೇಳಿ ಮೇಸ್ತ್ರಿ. ಕುದುರೆ ಅವರದು. ಒಂದು ಕೆಲಸ ಮಾಡೋಣ. ದಿನಾ ಬೆಳಿಗ್ಗೆ ನಿಮ್ಮ ಕೈ ಬೇಡ ಅಂದ್ರೆ ಅವತ್ತು ಬೇಡ. ನಾನೂ ಓಡಿಸಲ್ಲ, ಅವರೂ ಕೇಳಲ್ಲ. ಸರೀನಾ?"

ಅಪ್ಪ ಸರಿ ಅಂದ. ಅವಳು ಬಕೆಟ್ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಅವರು ಕಟ್ಟಿದ ಆ ಒಪ್ಪಂದವೆಲ್ಲ ತನ್ನ ಅಂಗೈ ಮೇಲೆ ಬಂದು ಕೂತದ್ದು ಅವಳಿಗೆ ತಿಳಿಯಿತು. ಬಕೆಟ್ ಅನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

ಹತ್ತು ದಿನದಲ್ಲಿ ಕೆಂಚಿ ಮೂರು ಸಲ ವೇಗವಾಗಿ ಓಡಿತು. ಎರಡನೆಯ ಸಲ ಇಳಿದಾಗ ಗುಬ್ಬಚ್ಚಿ, "ಹೆಜ್ಜೆ ಸ್ವಲ್ಪ ಚಿಕ್ಕದಾಗಿದೆಯಲ್ಲಾ ಸರ್," ಅಂದಿದ್ದ. ಕುಂಟುತ್ತಿದೆಯಾ ಎಂದು ಟ್ರೈನರ್ ಎದುರಿಗೆ ನಡೆಸಿ ನೋಡಿದರು. ಕುಂಟುತ್ತಿರಲಿಲ್ಲ. ಒಂದು ಕಾಲು ನೋವಾದರೆ ಕುದುರೆ ಇನ್ನೊಂದಕ್ಕೆ ಭಾರ ಕೊಟ್ಟು ತಲೆ ಆಡಿಸುತ್ತದೆ. ಕೆಂಚಿಯ ತಲೆ ಅಲುಗಲಿಲ್ಲ. "ಹೆಣ್ಣಲ್ವಾ, ನಾಚಿಕೆ," ಅಂದ ಗುಬ್ಬಚ್ಚಿಯೇ ಕಡೆಗೆ. "ನಮ್ಮ ಮಾತಿನಮಲ್ಲಿ ಜೊತೆ ಸೇರಿ ಕಲಿತಿದೆ."

ಆ ದಿನಗಳಲ್ಲೊಂದು ಬೆಳಿಗ್ಗೆ ಅವಳ ಅಂಗೈಗೆ ಕೆಂಚಿಯ ಎಡಗಾಲಿನ ನರ ಬೆಚ್ಚಗೆ ತಾಗಿತು. ತಕ್ಷಣ ಬಲಗಾಲು ಮುಟ್ಟಿದಳು. ಅದೂ ಅಷ್ಟೇ ಇತ್ತು. ಮತ್ತೆ ಎಡ, ಮತ್ತೆ ಬಲ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹೋದ ಜೀವ ಬಂದಂತಾಯಿತು. ಸೆಕೆಯಿರಬೇಕು, ಕುದುರೆ ಆಗ ತಾನೆ ಮಲಗಿ ಎದ್ದಿರಬೇಕು, ಬಕೆಟ್ ನೀರಿಗೆ ತನ್ನ ಕೈಯೇ ತಣ್ಣಗಾಗಿರಬೇಕು. ಎಲ್ಲಿ ನಿಲ್ಲಬೇಕೆಂದು ಒಂದು ಗಳಿಗೆ ಯೋಚಿಸಿದಳು. ಎಡಕ್ಕೆ ನಿಂತರೆ ಬಲ ಸರಿಯಿದೆಯೆಂದಾಗುತ್ತದೆ. ಬಲಕ್ಕೆ ನಿಂತರೆ ಎಡ. ಎರಡಕ್ಕೂ ಸೇರಿ ನಿಲ್ಲುವುದಕ್ಕೆ ಜಾಗವಿರಲಿಲ್ಲ. ಅವರು ಅಂಥದ್ದೊಂದನ್ನು ಗೊತ್ತುಮಾಡಿಕೊಂಡಿರಲಿಲ್ಲ. ಮುಂದೆ ನಿಂತಳು.

ಮನೆಗೆ ಬಂದ ಮೇಲೆ ಅಪ್ಪನಿಗೆ ಹೇಳಬೇಕೆಂದುಕೊಂಡಳು. ಅವತ್ತು ಯಜಮಾನರು ಅಪ್ಪನ ಬೆನ್ನು ತಟ್ಟಿ ಹೋಗಿದ್ದರು, ಅಪ್ಪ ಬಹಳ ದಿನದ ಮೇಲೆ ಹಾಡು ಗುನುಗುತ್ತ ಮುಖ ಕ್ಷೌರ ಮಾಡಿಕೊಳ್ಳುತ್ತಿದ್ದ. ಗಲ್ಲದ ಹತ್ತಿರ ಎರಡು ಕಡೆ ಕೊಯ್ದುಕೊಂಡಿದ್ದ. ಅವಳು ರಕ್ತ ಒರೆಸಿದಳು. ಹೇಳುವುದಕ್ಕೆ ಏನಿದೆ, ಎರಡೂ ಒಂದೇ ಥರ ಇದೆಯಲ್ಲ, ಅಂದುಕೊಂಡಳು. ಆಮೇಲಿನ ಬೆಳಿಗ್ಗೆಗಳಲ್ಲೂ, ಇವತ್ತೂ, ಎರಡೂ ಹಾಗೇ ಇದ್ದವು.

ಈಗ ಅವಳು ಬೇಲಿಗೆ ಒರಗಿ ಮೈದಾನ ನೋಡುತ್ತಿದ್ದಳು. ಮಂಜು ಪೂರ್ತಿ ಕರಗಿರಲಿಲ್ಲ. ದೂರದ ತಿರುವಿನಿಂದ ಕೆಂಚಿ ಹೊರಬಂದಾಗ ಮೊದಲು ಗೊರಸಿನ ಸದ್ದು ಬಂತು, ಆಮೇಲೆ ಬಣ್ಣ ಬಂತು. ಗುಬ್ಬಚ್ಚಿ ಅದರ ಕುತ್ತಿಗೆಯ ಮೇಲೆ ಗಂಟಿನಂತೆ ಕೂತಿದ್ದ. ಪಕ್ಕದಲ್ಲಿ ಅಪ್ಪ ನಿಂತಿದ್ದ, ನಾಲ್ಕು ಬೆರಳು ಬೇಲಿಯ ಮೇಲೆ. "ಚೆನ್ನಾಗಿ ಬರ್ತಾ ಇದೆ," ಅಂದ. ಮರುಕ್ಷಣ, "ಪುಟ್ಟಿ," ಅಂದ. ಬೇರೆ ದನಿ.

ಗೊರಸಿನ ಸದ್ದು ಮುರಿದಿತ್ತು. ಕೆಂಚಿ ಬೀಳಲಿಲ್ಲ. ಮುಂದಿನಿಂದ ತಗ್ಗಾಯಿತು, ಅಷ್ಟೇ. ಮೆಟ್ಟಿಲು ಇದೆಯೆಂದು ಕಾಲಿಟ್ಟವರಿಗೆ ಮೆಟ್ಟಿಲು ಸಿಗದೆ ಹೋದಂತೆ. ಗುಬ್ಬಚ್ಚಿ ಲಗಾಮು ಎಳೆದು, ಅದು ಪೂರ್ತಿ ನಿಲ್ಲುವ ಮುಂಚೆಯೇ ಹಾರಿ ಇಳಿದ.

ಅವಳು ಓಡಿದಳು. ಹತ್ತಿರ ಹೋದಾಗ ಕೆಂಚಿ ನಿಂತಿತ್ತು. ಮುಂಗಾಲುಗಳ ಗಂಟು ಎರಡೂ ಕುಸಿದು ಮಣ್ಣಿಗೆ ಹತ್ತುವಂತಿದ್ದವು. ಅದು ಎಡಗಾಲಿನ ಭಾರವನ್ನು ಬಲಕ್ಕೆ ಕೊಡಲು ನೋಡಿತು, ಬಲ ತಡೆಯಲಿಲ್ಲ. ಬಲದಿಂದ ಎಡಕ್ಕೆ ಕೊಡಲು ನೋಡಿತು. ಹೀಗೆ ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ ಮೆಲ್ಲಗೆ ತೂಗುತ್ತ, ಅವಳು ಬಂದದ್ದು ಕಂಡು ಕಿವಿ ಮುಂದೆ ಮಾಡಿತು.

ಡಾಕ್ಟರ್ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಅವಳು ಕೆಂಚಿಯ ಕುತ್ತಿಗೆಗೆ ಭುಜ ಕೊಟ್ಟು ನಿಂತಿದ್ದಳು. ಡಾಕ್ಟರ್ ಮಂಡಿಯೂರಿ ಎರಡೂ ಕಾಲು ಹಿಡಿದು ನೋಡಿದರು, ಬಹಳ ನೋಡುವುದಿರಲಿಲ್ಲ. ಎದ್ದು ಕೈ ಒರೆಸಿಕೊಂಡರು.

"ಎರಡೂ ಹೋಗಿದೆ. ಒಂದಾಗಿದ್ರೆ ಏನಾದ್ರೂ ಮಾಡಬಹುದಿತ್ತು."

"ಕಾಲು ತಪ್ಪಿತಾ?" ಟ್ರೈನರ್ ಕೇಳಿದರು.

"ಇದು ಇವತ್ತು ಆದದ್ದಲ್ಲ. ಎಂಟು-ಹತ್ತು ದಿನದಿಂದ ಎರಡೂ ನರ ಒಳಗೊಳಗೇ ಬೇಯ್ತಾ ಇತ್ತು. ಮುಟ್ಟಿದ್ರೆ ಗೊತ್ತಾಗ್ತಿತ್ತು. ಬೆಳಿಗ್ಗೆ ಕಾಲು ಯಾರು ನೋಡ್ತಾರೆ ನಿಮ್ಮಲ್ಲಿ?"

ಯಾರೂ ಅಪ್ಪನನ್ನು ನೋಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು.

"ನಾನೇ," ಅಂದ ಅಪ್ಪ.

"ಮತ್ತೆ ಬಿಸಿ ಗೊತ್ತಾಗಲಿಲ್ವಾ?"

ಅವಳ ಬಾಯಿ ತೆರೆದಿತ್ತು. ಮಾತು ಹೊಟ್ಟೆಯಿಂದ ಹೊರಟು ಎದೆ ದಾಟಿ ಗಂಟಲಿಗೆ ಬಂದದ್ದು ಅವಳಿಗೆ ತಿಳಿಯುತ್ತಿತ್ತು. ನಾನು ಮುಟ್ಟಿದೆ. ಎರಡೂ ಒಂದೇ ಥರ ಇತ್ತು. ಇಷ್ಟೇ. ಗುಬ್ಬಚ್ಚಿ ಅವಳ ಕಡೆಗೇ ನೋಡುತ್ತಿದ್ದ, ಅವನ ಮುಖದಲ್ಲಿ ಹಾಸ್ಯವಿರಲಿಲ್ಲ. ಅಪ್ಪನೂ ನೋಡಿದ. ಮುಖವನ್ನಲ್ಲ, ಅವಳ ಬೂಟುಗಳನ್ನು. ಎಲ್ಲಿ ನಿಂತಿದ್ದಾಳೆಂದು.

"ಗೊತ್ತಾಗಿತ್ತು," ಅಂದ ಅಪ್ಪ.

"ಏನು?"

"ಬಿಸಿ ಇತ್ತು. ನನ್ನ ಕೈಗೆ ಗೊತ್ತಾಗಿತ್ತು. ನಾನೇ ಹೇಳಲಿಲ್ಲ."

ಟ್ರೈನರ್ ಒಂದು ಹೆಜ್ಜೆ ಮುಂದೆ ಬಂದರು. "ಯಾಕೆ ಮೇಸ್ತ್ರಿ?"

"ಪಂದ್ಯ ಹತ್ತಿರ ಇತ್ತಲ್ಲ. ಯಜಮಾನರೂ ಬೆನ್ನು ತಟ್ಟಿದ್ರು. ಓಡಲಿ ಅಂತ." ಅಪ್ಪ ಎರಡೂ ಕೈಗಳನ್ನು ಅಂಗಿಯ ಜೇಬಿಗೆ ತುರುಕಲು ನೋಡಿದ. ಒಂದು ಕೈಗೆ ಜೇಬು ಸಿಗಲಿಲ್ಲ, ಹೊರಗೇ ಉಳಿಯಿತು.

ಗೊತ್ತಾಗಲಿಲ್ಲ ಎಂದಿದ್ದರೆ ಯಾವಾಗಿನಿಂದ ಗೊತ್ತಾಗುತ್ತಿಲ್ಲ ಎಂದು ಕೇಳುತ್ತಿದ್ದರು. ಆಮೇಲೆ, ಮತ್ತೆ ಇಷ್ಟು ದಿನ ಮುಟ್ಟಿದ್ದು ಯಾರು ಎಂದು. ಅಪ್ಪ ಆ ಒಂದು ಸುಳ್ಳಿನಲ್ಲಿ ಉಳಿಸಿದ್ದು ಅವಳನ್ನೋ, ತನ್ನ ಕೈಯ ಹೆಸರನ್ನೋ, ಅವಳಿಗೆ ಆಗಲೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ. ಗಂಟಲಿಗೆ ಬಂದದ್ದು ಬಂದ ದಾರಿಯಲ್ಲೇ ಇಳಿದುಹೋಯಿತು.

"ಮೂವತ್ತೆರಡು ವರ್ಷ," ಅಂದರು ಟ್ರೈನರ್. ಕೋಪಿಸಿಕೊಂಡಿದ್ದರೆ ಚೆನ್ನಾಗಿತ್ತು. "ಕಳ್ಳತನ ಮಾಡಿದ್ರೂ ನಾನು ಇಟ್ಕೊಳ್ತಿದ್ದೆ ನಿಮ್ಮನ್ನ."

ಡಾಕ್ಟರ್ ಕಾರಿನಿಂದ ಚೀಲ ತಂದರು. ಇಬ್ಬರು ಕೂಲಿಯವರು ರಸ್ತೆಯ ಕಡೆಯಿಂದ ಕಾಣದಂತೆ ಟಾರ್ಪಾಲು ಹಿಡಿದು ನಿಂತರು. ಅವಳು ಹಗ್ಗ ಬಿಡಲಿಲ್ಲ. ಡಾಕ್ಟರ್ ಸಿರಿಂಜು ತುಂಬುತ್ತಿದ್ದಾಗ ಕೆಂಚಿ ಅವಳ ತೋಳನ್ನು ಮೂತಿಯಿಂದ ತಳ್ಳಿತು. ನಡಿಗೆಗೆ ಹೊರಡುವ ಹೊತ್ತಾಯಿತೆನ್ನಲು ಅದು ದಿನಾ ಮಾಡುತ್ತಿದ್ದದ್ದು ಹಾಗೆ.

"ಮುಂದೆ ನಿಲ್ಬೇಡ ಪುಟ್ಟಿ," ಅಪ್ಪ ಹಿಂದಿನಿಂದ ಹೇಳಿದ. "ಮೇಲೆ ಬಿದ್ದೀತು. ಪಕ್ಕಕ್ಕೆ ಬಾ."

ಅವಳು ಎಡಕ್ಕೆ ಒಂದು ಹೆಜ್ಜೆ ಇಟ್ಟಳು. ನಿಂತಳು. ಬಲಕ್ಕೆ ಬಂದಳು. ಮತ್ತೆ ಎಡಕ್ಕೆ. ಕಡೆಗೆ ಗುಬ್ಬಚ್ಚಿ ಬಂದು ಅವಳ ಭುಜ ಹಿಡಿದು ಪಕ್ಕಕ್ಕೆ ಎಳೆದುಕೊಂಡ.

ಮಧ್ಯಾಹ್ನ ಟ್ರೈನರ್ ಮನೆಯ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. ಅಪ್ಪನ ಕಡೆ ನೋಡದೆ, ಬಾಗಿಲ ಚೌಕಟ್ಟಿಗೆ ಹೇಳುವವರಂತೆ ಹೇಳಿದರು. "ನಾಳೆಯಿಂದ ಲಾಯದೊಳಗೆ ಕಾಲಿಡಬೇಡಿ. ಯಜಮಾನರು ಮನೆ ಖಾಲಿ ಮಾಡಿಸಿ ಅಂದ್ರು, ನಾನು ಬೇಡ ಅಂದೆ. ಕಾಲು ನೋಡೋಕೆ ಯಾರಾದ್ರೂ ಬೇಕಲ್ಲ. ಮಗಳು ನೋಡ್ಲಿ. ನಿಮ್ಮ ಕೈ ನೋಡ್ಕೊಂಡೇ ಬೆಳೆದಿದಾಳೆ. ಮನೆ ಅವಳ ಮೇಲಿರಲಿ." ಆಮೇಲೆ ಅವಳ ಕಡೆ ತಿರುಗಿದರು. "ನೀನು ಮುಚ್ಚಿಡಬೇಡಮ್ಮ. ಅಷ್ಟು ಸಾಕು ನನಗೆ."

ಅವರು ಹೋದ ಮೇಲೆ ಅಪ್ಪ ಬಹಳ ಹೊತ್ತು ಮಂಚದ ಅಂಚಿನಲ್ಲಿ ಕೂತಿದ್ದ. ಅವಳು ಒಲೆ ಹಚ್ಚಿದಳು, ಆರಿಸಿದಳು.

"ಯಾವ ಕಾಲು ಬಿಸಿ ಇತ್ತು?" ಅಪ್ಪ ಕೇಳಿದ.

"ಎರಡೂ ಒಂದೇ ಥರ ಇತ್ತು ಅಪ್ಪಾ."

"ಒಂದೇ ಥರ." ಆ ಮಾತನ್ನು ಹಿಡಿದಿರುವವನಂತೆ ಅಪ್ಪ ತನ್ನ ಅಂಗೈ ನೋಡಿಕೊಂಡ. "ಪಕ್ಕದ ಕೋಣೆ ಕುದುರೆ ಕಾಲು ಮುಟ್ಟಿ ನೋಡ್ಲಿಲ್ವಾ? ಎರಡೂ ಸೇರಿ ಸುಳ್ಳು ಹೇಳಿದ್ರೆ ಮೂರನೇದನ್ನ ಕೇಳ್ಬೇಕು."

"ನೀನು ಹೇಳಿರ್ಲಿಲ್ಲ."

ಅಪ್ಪ ತಲೆಯಾಡಿಸಿದ. "ಹೇಳಿರ್ಲಿಲ್ಲ," ಅಂದ. "ನಾನು ಯಾವತ್ತೂ ಹಾಗೆ ಪಕ್ಕದ ಕುದುರೆ ಮುಟ್ಟಿ ನೋಡಿದೋನಲ್ಲ. ಬೇಕಾಗಿರ್ಲಿಲ್ಲ ನನಗೆ. ನಿನ್ನೆಯ ಕಾಲು ಇವತ್ತಿನವರೆಗೂ ಕೈಯಲ್ಲೇ ಇರ್ತಿತ್ತು. ನಿನಗೆ ಹೇಳ್ಕೊಟ್ಟಿದ್ದು ಹೊಸಬರಿಗೆ ಹೇಳೋ ಪಾಠ. ಮುಂದಿಂದು ನನಗೆ ಹೇಳೋಕೆ ಬರ್ತಿರ್ಲಿಲ್ಲ ಪುಟ್ಟಿ. ಕೈಯಲ್ಲಿತ್ತು. ಹೋಯ್ತು."

ಮಾರನೆಯ ಬೆಳಿಗ್ಗೆ ಅವಳು ಮೊದಲ ಕೋಣೆಯಲ್ಲಿ, ಕಪ್ಪು ಗಂಡುಕುದುರೆಯ ಮುಂಗಾಲುಗಳ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಾಗ, ಹುಲ್ಲು ಹೊರುವವನು ಹೊರೆ ಇಳಿಸದೆ ನಿಂತ. ಹಗ್ಗ ಹಿಡಿದಿದ್ದ ಆಳು ಉಸಿರು ಬಿಗಿಹಿಡಿದ. ಅಪ್ಪನಿಗೆ ಇಟ್ಟಿದ್ದ ಆ ಮೌನ ಇಷ್ಟು ಬೇಗ ತನಗೆ ಬರುತ್ತದೆಂದು ಅವಳು ಎಣಿಸಿರಲಿಲ್ಲ. ಎಡಗಾಲು ಮುಟ್ಟಿದಳು, ಬಲಗಾಲು ಮುಟ್ಟಿದಳು. ಒಂದೇ ಥರ ಇದ್ದವು. ಎದ್ದು ಪಕ್ಕದ ಕೋಣೆಗೆ ಹೋಗಿ ಅಲ್ಲಿನ ಕುದುರೆಯ ಕಾಲು ಮುಟ್ಟಿದಳು. ಅದೂ ಹಾಗೇ ಇತ್ತು. ಮೂರನೆಯದಕ್ಕೆ ಹೋದಳು. ಅಲ್ಲಿಂದ ಓಡುನಡಿಗೆಯಲ್ಲಿ ಮೊದಲನೆಯದಕ್ಕೆ ವಾಪಸು ಬಂದಳು, ಅಷ್ಟರಲ್ಲಿ ಕೈಯಲ್ಲಿದ್ದದ್ದು ಹಾರಿಹೋಗಿತ್ತು. ಎಂಟು ಕುದುರೆ, ಹದಿನಾರು ಮುಂಗಾಲು. ಎಲ್ಲ ತಣ್ಣಗಿದೆಯೋ, ಎಲ್ಲ ಬಿಸಿಯಿದೆಯೋ, ಇಲ್ಲ ತನ್ನ ಕೈಯೇ ಏನೋ ಆಗಿದೆಯೋ. ಎರಡೂ ಅಂಗೈಗಳನ್ನು ಕೆನ್ನೆಗೆ ಒತ್ತಿ ನೋಡಿಕೊಂಡಳು.

"ಮಲ್ಲೀ, ಕಾಲು ನೋಡು ಅಂದ್ರೆ ಊರು ಸುತ್ತೋಕೆ ಹೊರಟ್ಯಲ್ಲಾ," ಅಂದ ಗುಬ್ಬಚ್ಚಿ. ನಗಿಸಲೆಂದೇ ಅಂದದ್ದು. ಯಾರೂ ನಗಲಿಲ್ಲ, ಅವನೂ ನಗಲಿಲ್ಲ.

"ಏನು ಹೇಳುತ್ತೆ ಕೈ?" ಟ್ರೈನರ್ ಕೇಳಿದರು.

ಇದಕ್ಕೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದರೆ ಆ ಒಂದೂವರೆ ಕೋಣೆ, ಮಂಚ, ಮಂಚದ ಮೇಲಿನ ಮನುಷ್ಯ, ಎಲ್ಲ ಬೀದಿಗೆ. ವಿಚಿತ್ರವೆಂದರೆ ಜೀವಮಾನದಲ್ಲಿ ಮೊದಲ ಸಲ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲ. ಸಲೀಸಾಗಿ ಬಂತು.

"ತಣ್ಣಗಿದೆ ಸರ್."

ಅವರು ತಲೆಯಾಡಿಸಿ ಕುದುರೆಗಳನ್ನು ಹೊರಗೆ ಬಿಡಿಸಿದರು. ಎಂಟೂ ತಿರುಗಿ ಬರುವವರೆಗೆ ಅವಳು ಬೇಲಿಯ ಹತ್ತಿರ ಹೋಗಲಿಲ್ಲ. ಬಾವಿಯ ಪಂಪಿನ ಮರೆಯಲ್ಲಿ ನಿಂತು ಗೊರಸಿನ ಸದ್ದು ಎಣಿಸಿದಳು. ಖಾಲಿಯಿದ್ದ ಒಂಬತ್ತನೆಯ ಕೋಣೆಯಲ್ಲಿ ಯಾರೋ ಹಳೆಯ ಹುಲ್ಲು ಬಳಿದು ಗೋಡೆಗೆ ಸುಣ್ಣ ಹೊಡೆಯುತ್ತಿದ್ದರು.

ಕೆಲಸ ಮುಗಿಸಿ ಮನೆಗೆ ಬಂದಾಗ ಬಿಸಿಲು ಕಿಟಕಿಯ ಸರಳು ದಾಟಿ ಮಂಚದ ಕಾಲಿನವರೆಗೆ ಬಂದಿತ್ತು. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಮೊದಲಾದರೆ ಮನೆಯಲ್ಲಿದ್ದ ದಿನ, ಗೋಡೆಯಾಚೆ ಹೋಗುವ ಕುದುರೆ ಯಾವುದೆಂದು ಸದ್ದಿನಲ್ಲೇ ಹೇಳುತ್ತಿದ್ದ.

"ಎಲ್ಲ ವಾಪಸ್ ಬಂದ್ವಾ?" ತಿರುಗದೆಯೇ ಕೇಳಿದ.

"ಬಂದ್ವು."

"ಎಂಟೂ?"

"ಎಂಟೂ."

ಸ್ವಲ್ಪ ಹೊತ್ತಿಗೆ ಅವನ ಉಸಿರು ನಿಧಾನವಾಯಿತು. ನಿದ್ದೆ ಬಂತೋ, ನಿದ್ದೆ ಬಂದವನಂತೆ ಮಲಗಿದನೋ. ಹೊದಿಕೆ ಮೇಲಕ್ಕೆ ಸರಿದು ಪಾದಗಳು ಹೊರಗಿದ್ದವು. ಹಿಮ್ಮಡಿ ಒಡೆದು ಬೂದು ಬಣ್ಣಕ್ಕೆ ತಿರುಗಿತ್ತು. ಪಾದ ದಿನಾ ನೋಡಿಕೊಳ್ಳಬೇಕೆಂದು ಆಸ್ಪತ್ರೆಯವರು ಹೇಳಿದ್ದು ನೆನಪಾಯಿತು. ಅಪ್ಪ ನೋಡಿಕೊಳ್ಳುತ್ತಿದ್ದನೋ ಇಲ್ಲವೋ, ಅವಳು ಕೇಳಿರಲಿಲ್ಲ. ಎರಡು ವರ್ಷ ದಿನವೂ ಅಷ್ಟೊಂದು ಕಾಲು ಮುಟ್ಟಿದ್ದಳು, ಇವನ್ನು ಮುಟ್ಟಿರಲಿಲ್ಲ.

ಮಂಚದ ಕೊನೆಯಲ್ಲಿ ಕೂತಳು. ಕೈಯನ್ನು ಬಟ್ಟೆಗೆ ಒರೆಸಿಕೊಂಡು ಅಪ್ಪನ ಎಡಪಾದದ ಮೇಲಿಟ್ಟಳು. ತಕ್ಷಣ ಬಲಪಾದದ ಮೇಲಿಟ್ಟಳು. ಎರಡೂ ಒಂದೇ ಥರ ಇದ್ದವು.

ಹಾಗೇ ಕೂತಿದ್ದಳು. ಆಮೇಲೆ ಬಗ್ಗಿ ತನ್ನ ಒಂದು ರಬ್ಬರ್ ಬೂಟು ಕಳಚಿದಳು, ಕಾಲನ್ನು ಮಡಿಚಿ ಮಂಚದ ಮೇಲೆ ಎಳೆದುಕೊಂಡು, ಬೆವರಿದ ತನ್ನ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡಳು. ಬಹಳ ಹೊತ್ತು ಹಿಡಿದುಕೊಂಡಿದ್ದು, ಅದೇ ಕೈಯನ್ನು ಮತ್ತೆ ಅಪ್ಪನ ಪಾದಕ್ಕೆ ಒಯ್ದಳು.

ಅಪ್ಪ ಕದಲಲಿಲ್ಲ. ಎಚ್ಚರವಾಗಿಯೇ ಇದ್ದ, ಗೋಡೆಯಾಚೆ ಒಂದು ಕುದುರೆ ಹಾದುಹೋದಾಗ ಅವನ ತಲೆ ದಿಂಬಿನಿಂದ ತುಸು ಎ‌ದ್ದಿತು, ಕಿವಿ ಅತ್ತ ತಿರುಗಿತು. ಪಾದವನ್ನು ಯಾರೋ ಹಿಡಿದುಕೊಂಡಿದ್ದಾರೆಂದು ಮಾತ್ರ ಅವನಿಗೆ ಗೊತ್ತಾಗಲಿಲ್ಲ.